ಗಾಳಿಯನ್ನು ಸೋಸಿದ ವಿಜ್ಞಾನಿ

ಬೆಂಗಳೂರಿನ ಹಳೆಯ ಪೇಟೆಗಳಲ್ಲಿ ಸುಲ್ತಾನ್‌ಪೇಟೆಯೂ ಒಂದು. ಅದರ ಕಿರಿದಾದ ಬೀದಿಗಳನ್ನು ದಾಟಿ ಚಿಕ್ಕಪೇಟೆಯ ಕಡೆಗೆ ನಡೆದರೆ ವಿದ್ಯುತ್ ಸಾಮಾನುಗಳನ್ನು ಮಾರುವ ಅಂಗಡಿಗಳು ಸಾಲಾಗಿ ಕಾಣುತ್ತವೆ. ತಂತಿ, ಸ್ವಿಚ್ಚು, ದೀಪಗಳ ರಾಶಿಯ ನಡುವೆ ಅಲ್ಲಿ ಟೆಸ್ಟರ್ ಎಂಬ ಅಗ್ಗದ ಉಪಕರಣವೂ ದೊರೆಯುತ್ತದೆ. ನೋಡುವುದಕ್ಕೆ ಅದೊಂದು ಸಣ್ಣ ಸ್ಕ್ರೂಡ್ರೈವರ್. ಅದರ ಹಿಡಿಯೊಳಗೆ ಬೆರಳಿನ ಉಗುರಿಗಿಂತ ದೊಡ್ಡದಲ್ಲದ ಗಾಜಿನ ಬುರುಡೆಯೊಂದು ಅಡಗಿದೆ. ವಿದ್ಯುತ್ ಕೆಲಸಗಾರನು ಅದರ ತುದಿಯನ್ನು ತಂತಿಗೆ ಮುಟ್ಟಿಸಿದಾಗ, ತಂತಿಯಲ್ಲಿ ವಿದ್ಯುತ್ತು ಇದ್ದರೆ, ಆ ಬುರುಡೆಯಲ್ಲಿ ಕೆಂಡದ ಬಣ್ಣದ ಬೆಳಕು ಮೂಡುತ್ತದೆ.

ಆ ಬುರುಡೆಯೊಳಗೆ ಇರುವುದು ನಿಯಾನ್ ಎಂಬ ಅನಿಲ. ಪ್ರಪಂಚದಲ್ಲಿ ಇಷ್ಟೊಂದು ಅನಿಲಗಳಿರುವಾಗ ಈ ಕೆಲಸಕ್ಕೆ ನಿಯಾನನ್ನೇ ಆರಿಸಿದುದೇಕೆ? ನಮ್ಮ ಸುತ್ತಲೂ ಧಾರಾಳವಾಗಿರುವ ಗಾಳಿಯನ್ನೇ ಏಕೆ ತುಂಬಲಿಲ್ಲ? ಸುಲಭವಾಗಿ ತಯಾರಾಗುವ ಜಲಜನಕವನ್ನಾಗಲಿ ಆಮ್ಲಜನಕವನ್ನಾಗಲಿ ಏಕೆ ಬಳಸಲಿಲ್ಲ? ಒಂದು ಪ್ರಯೋಗಕ್ಕೆ ಯಾವ ಅನಿಲವು ತಕ್ಕುದು ಎಂಬುದನ್ನು ತಿಳಿಯಬೇಕಾದರೆ ಮೊದಲು ಅನಿಲಗಳ ಸ್ವಭಾವವನ್ನು ಅರಿಯಬೇಕು. ಹಾಗೆ ಅರಿಯುವುದಕ್ಕಾಗಿ ತನ್ನ ಬಾಳನ್ನೇ ಮುಡಿಪಿಟ್ಟ ವಿಜ್ಞಾನಿ ಸರ್ ವಿಲಿಯಂ ರಾಮ್ಸೆ. ಬೆಂಗಳೂರಿನ ಹೆಸರಾಂತ ವಿಜ್ಞಾನ ಮಂದಿರವೊಂದರ ಹುಟ್ಟಿಗೂ ಅವರಿಗೂ ನಿಕಟವಾದ ನಂಟಿತ್ತು.

ವಿಲಿಯಂ ರಾಮ್ಸೆ 1852ರ ಅಕ್ಟೋಬರ್ 2ರಂದು ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದಲ್ಲಿ ಜನಿಸಿದರು. ತಂದೆಯೂ ವಿಲಿಯಂ ಎಂಬ ಹೆಸರಿನವರೇ, ವೃತ್ತಿಯಿಂದ ಎಂಜಿನಿಯರು. ತಾಯಿ ಕ್ಯಾಥರೀನ್. ಅವರಿಗೆ ಇವನೊಬ್ಬನೇ ಮಗ. ಬಾಲಕನಿಗೆ ಸಂಗೀತ ಮತ್ತು ಭಾಷೆಗಳಲ್ಲಿ ಒಲವಿತ್ತು. ರಸಾಯನ ಶಾಸ್ತ್ರದ ಕಡೆಗೆ ಅವನ ಮನಸ್ಸು ತಿರುಗಿದ್ದು ಒಂದು ಆಕಸ್ಮಿಕದಿಂದ. ಕಾಲ್ಚೆಂಡಾಟದಲ್ಲಿ ಕಾಲು ಮುರಿದುಕೊಂಡು ಹಾಸಿಗೆ ಹಿಡಿದಿದ್ದಾಗ ಅವನ ಕೈಗೆ ಗ್ರಹಾಂ ಎಂಬ ವಿದ್ವಾಂಸನ ರಸಾಯನ ಶಾಸ್ತ್ರದ ಗ್ರಂಥವೊಂದು ಬಂದಿತು. ಅವನು ಅದನ್ನು ತೆರೆದದ್ದು ಪಾಂಡಿತ್ಯಕ್ಕಾಗಿ ಅಲ್ಲ; ಬಾಣ ಬಿರುಸುಗಳನ್ನು ತಯಾರಿಸುವ ಬಗೆಯನ್ನು ತಿಳಿಯಬೇಕೆಂಬ ಹುಡುಗತನದ ಆಸೆಯಿಂದ. ಆದರೆ ಆ ಆಸೆಯೇ ಮುಂದೆ ಜೀವನದ ದಾರಿಯಾಯಿತು.

ಕಾಲು ವಾಸಿಯಾದ ಮೇಲೆ ಅವನ ಮಲಗುವ ಕೋಣೆಯೇ ಪ್ರಯೋಗಶಾಲೆಯಾಯಿತು. ಆಮ್ಲಗಳು, ಲವಣಗಳು, ಪಾದರಸ ಮುಂತಾದುವು ತುಂಬಿದ ಸೀಸೆಗಳು ಅಲ್ಲಿ ಸಾಲುಗಟ್ಟಿ ನಿಂತವು. ಗೆಳೆಯನೊಬ್ಬನ ಜೊತೆಗೂಡಿ ಅವನು ಮನೆಯಲ್ಲಿಯೇ ಆಮ್ಲಜನಕವನ್ನೂ ಜಲಜನಕವನ್ನೂ ತಯಾರಿಸಿದನು. ಬೇಕಾದ ಗಾಜಿನ ನಳಿಗೆಗಳನ್ನು ಕೊಳ್ಳುವ ಬದಲು ಅವುಗಳನ್ನು ಕಾಯಿಸಿ, ಬಗ್ಗಿಸಿ, ಊದಿ ತಾನೇ ಮಾಡಿಕೊಳ್ಳುತ್ತಿದ್ದನು. ಗಾಜನ್ನು ಊದುವ ಈ ಕೈಚಳಕವು ಮುಂದೆ ಅವನ ಬಹು ದೊಡ್ಡ ಆಸ್ತಿಯಾಯಿತು.

ಅಂದು ಮನೆಯಲ್ಲಿ ಪ್ರಯೋಗ ಮಾಡುವ ಹುಡುಗನಿಗೆ ಅನಿಲಗಳ ಆಯ್ಕೆ ಹೆಚ್ಚಿರಲಿಲ್ಲ. ಉರಿಯನ್ನು ಪ್ರಜ್ವಲಿಸುವಂತೆ ಮಾಡಲು ಆಮ್ಲಜನಕ, ಉರಿಯನ್ನು ನಂದಿಸಲು ಇಂಗಾಲದ ಡೈಆಕ್ಸೈಡ್, ಹಗುರವಾದ ಬುಟ್ಟೆಯನ್ನು ಮೇಲಕ್ಕೇರಿಸಲು ಜಲಜನಕ. ಇವುಗಳಲ್ಲಿ ಜಲಜನಕವು ಅತ್ಯಂತ ಹಗುರವಾದದ್ದು. ಹಾಗೆಯೇ ಅತ್ಯಂತ ಅಪಾಯಕಾರಿಯಾದದ್ದೂ ಹೌದು. ಗಾಳಿಯೊಡನೆ ಬೆರೆತ ಜಲಜನಕಕ್ಕೆ ಒಂದು ಕಿಡಿ ತಗುಲಿದರೂ ಸಾಕು, ಅದು ಸಿಡಿಯುತ್ತದೆ. ಹಗುರವಾಗಿಯೂ ಇರಬೇಕು, ಉರಿಯಲೂ ಬಾರದು, ಅಂತಹ ಅನಿಲವೊಂದು ಇರಬಹುದೆಂದು ಆ ಕಾಲದಲ್ಲಿ ಯಾರೂ ಬಲ್ಲವರಿರಲಿಲ್ಲ. ಅದನ್ನು ಭೂಮಿಯ ಮೇಲೆ ಪತ್ತೆ ಹಚ್ಚುವವನು ಆ ಮಲಗುವ ಕೋಣೆಯಲ್ಲಿಯೇ ಗಾಜು ಊದುತ್ತಿದ್ದನು!

ಗ್ಲಾಸ್ಗೋ ವಿಶ್ವವಿದ್ಯಾಲಯದಲ್ಲಿ ವ್ಯಾಸಂಗ ಮಾಡಿದ ಬಳಿಕ ರಾಮ್ಸೆ ಜರ್ಮನಿಗೆ ತೆರಳಿ, 1872ರಲ್ಲಿ ಟ್ಯೂಬಿಂಗೆನ್ ವಿಶ್ವವಿದ್ಯಾಲಯದಿಂದ ಡಾಕ್ಟರೇಟ್ ಪದವಿಯನ್ನು ಪಡೆದರು. ತಾಯ್ನಾಡಿಗೆ ಹಿಂದಿರುಗಿ ಕೆಲವು ಕಾಲ ಗ್ಲಾಸ್ಗೋವಿನಲ್ಲಿ ಅಧ್ಯಾಪಕರಾಗಿದ್ದರು. 1880ರಲ್ಲಿ ಬ್ರಿಸ್ಟಲ್ ನಗರದ ಕಾಲೇಜಿನಲ್ಲಿ ರಸಾಯನ ಶಾಸ್ತ್ರದ ಪ್ರಾಧ್ಯಾಪಕರಾದರು. ಮರುವರ್ಷವೇ ಅದರ ಪ್ರಾಂಶುಪಾಲರೂ ಆದರು. ಅದೇ ವರ್ಷ ಮಾರ್ಗರೆಟ್ ಬುಕಾನನ್ ಅವರನ್ನು ವಿವಾಹವಾದರು. 1887ರಲ್ಲಿ ಲಂಡನ್ನಿನ ಯೂನಿವರ್ಸಿಟಿ ಕಾಲೇಜು ಅವರನ್ನು ಬರಮಾಡಿಕೊಂಡಿತು. ಅವರ ಮಹತ್ಸಾಧನೆಗಳೆಲ್ಲವೂ ನಡೆದುದು ಅಲ್ಲಿಯೇ.

ಆ ಸಾಧನೆಗಳಿಗೆ ನಾಂದಿಯಾದದ್ದು ಬೇರೊಬ್ಬ ವಿಜ್ಞಾನಿಯ ಮನೆಯಲ್ಲಿ ಎದ್ದ ಒಂದು ಒಗಟು. ಲಾರ್ಡ್ ರ‍್ಯಾಲೆ ಎಂಬ ಭೌತವಿಜ್ಞಾನಿಯು ಇಂಗ್ಲೆಂಡಿನ ಟರ್ಲಿಂಗ್ ಎಂಬ ಹಳ್ಳಿಯಲ್ಲಿದ್ದ ತಮ್ಮ ಮನೆಯಲ್ಲಿಯೇ ಒಂದು ಪ್ರಯೋಗಶಾಲೆಯನ್ನು ಏರ್ಪಡಿಸಿಕೊಂಡಿದ್ದರು. ಅನಿಲಗಳ ಸಾಂದ್ರತೆಯನ್ನು ಅತ್ಯಂತ ನಿಖರವಾಗಿ ಅಳೆಯಬೇಕೆಂಬುದು ಅವರ ಸಂಕಲ್ಪ. ಗಾಜಿನ ಗೋಳವೊಂದರಿಂದ ಗಾಳಿಯನ್ನು ಹೊರತೆಗೆದು, ಅದರೊಳಕ್ಕೆ ಶುದ್ಧವಾದ ಅನಿಲವನ್ನು ತುಂಬಿ, ತೂಗುವುದು ಅವರ ಕ್ರಮ. ಕೇಳುವುದಕ್ಕೆ ಇದು ಸರಳ. ಆದರೆ ಅನಿಲವು ಶುದ್ಧವಾಗಿದೆಯೆಂದು ಖಚಿತವಾಗಿ ಹೇಳುವುದು ಹೇಗೆ? ಅದಕ್ಕಾಗಿ ಒಂದೇ ಅನಿಲವನ್ನು ಬೇರೆ ಬೇರೆ ವಿಧಾನಗಳಿಂದ ತಯಾರಿಸಿ ತೂಗಿ ನೋಡುವುದು ರ‍್ಯಾಲೆಯವರ ಪದ್ಧತಿ. ಎಲ್ಲ ವಿಧಾನಗಳಿಂದಲೂ ಒಂದೇ ತೂಕ ಬಂದರೆ ಅನಿಲವು ಶುದ್ಧವೆಂದು ನಂಬಬಹುದು.

ಸಾರಜನಕದ ಸರದಿ ಬಂದಾಗ ಈ ನಂಬಿಕೆಗೆ ಪೆಟ್ಟು ಬಿದ್ದಿತು. ಗಾಳಿಯಿಂದ ಆಮ್ಲಜನಕ, ತೇವ ಮುಂತಾದುವುಗಳನ್ನು ತೆಗೆದು ಪಡೆದ ಸಾರಜನಕವು ಅವರ ಗೋಳದಲ್ಲಿ 2.310 ಗ್ರಾಂ ತೂಗಿತು. ರಾಸಾಯನಿಕ ವಸ್ತುಗಳಿಂದ ಬಿಡಿಸಿ ಪಡೆದ ಸಾರಜನಕವು ಅದೇ ಗೋಳದಲ್ಲಿ 2.299 ಗ್ರಾಂ ಮಾತ್ರ ತೂಗಿತು. ಅಂತರವು ಕೇವಲ 11 ಮಿಲಿಗ್ರಾಂ. ಸುಮಾರು ಇನ್ನೂರರಲ್ಲಿ ಒಂದು ಭಾಗ. ಅನೇಕರು ಇದನ್ನು ತಕ್ಕಡಿಯ ದೋಷವೆಂದೋ ಕೈತಪ್ಪೆಂದೋ ಬದಿಗೊತ್ತುತ್ತಿದ್ದರು. ರ‍್ಯಾಲೆಯವರು ಹಾಗೆ ಮಾಡಲಿಲ್ಲ. ಪ್ರಯೋಗವನ್ನು ಮತ್ತೆ ಮತ್ತೆ ಮಾಡಿದರು. ಅಂತರವು ಹೋಗಲಿಲ್ಲ. ಕೊನೆಗೆ 1892ರಲ್ಲಿ ವಿಜ್ಞಾನ ಪತ್ರಿಕೆಯೊಂದರ ಮೂಲಕ ತಮ್ಮ ತೊಡಕನ್ನು ಇತರ ವಿಜ್ಞಾನಿಗಳ ಮುಂದಿಟ್ಟು ಅವರ ಸಲಹೆಯನ್ನು ಕೋರಿದರು. ತನಗೆ ತಿಳಿಯದೆಂದು ಹತ್ತು ಜನರ ಮುಂದೆ ಒಪ್ಪಿಕೊಳ್ಳುವ ದೊಡ್ಡತನ ಅವರಲ್ಲಿತ್ತು.

1894ರ ಏಪ್ರಿಲ್ ತಿಂಗಳಿನಲ್ಲಿ ಈ ವಿಷಯವಾಗಿ ರ‍್ಯಾಲೆಯವರು ಲಂಡನ್ನಿನ ರಾಯಲ್ ಸೊಸೈಟಿಯ ಮುಂದೆ ತಮ್ಮ ಫಲಿತಾಂಶಗಳನ್ನು ವಿವರಿಸಿದರು. ರಾಮ್ಸೆಯವರಿಗೆ ಆ ಒಗಟು ಹಿಡಿಸಿತು. ರಾಸಾಯನಿಕ ಸಾರಜನಕದಲ್ಲಿ ಹಗುರವಾದ ಕಲ್ಮಷವೊಂದು ಸೇರಿರಬಹುದೆಂಬುದು ಕೆಲವರ ಊಹೆ. ಗಾಳಿಯಿಂದ ಪಡೆದ ಸಾರಜನಕದಲ್ಲಿಯೇ ಭಾರವಾದ ಅನಿಲವೊಂದು ಅಡಗಿದೆಯೆಂಬುದು ರಾಮ್ಸೆಯವರ ತರ್ಕ. ರ‍್ಯಾಲೆಯವರ ಒಪ್ಪಿಗೆಯನ್ನು ಪಡೆದು ಅವರು ಕೆಲಸಕ್ಕೆ ತೊಡಗಿದರು.

ಅವರ ಉಪಾಯವು ಸೋಸುವವನ ಉಪಾಯ. ಕಾದು ಕೆಂಪಾದ ಮೆಗ್ನೀಸಿಯಂ ಲೋಹವು ಸಾರಜನಕವನ್ನು ಹೀರಿಕೊಳ್ಳುತ್ತದೆ. ಗಾಳಿಯ ಸಾರಜನಕವನ್ನು ಅಂತಹ ಲೋಹದ ಮೇಲೆ ಹಾಯಿಸಿದರು. ಉಳಿದುದನ್ನು ಮತ್ತೆ ಹಾಯಿಸಿದರು. ಹೀಗೆ ಹಗಲಿರುಳೆನ್ನದೆ ನಡೆಸಿದಂತೆಲ್ಲ ಅನಿಲದ ಗಾತ್ರ ಕುಗ್ಗುತ್ತ ಬಂದಿತು. ಆದರೆ ಅದರ ಸಾಂದ್ರತೆ ಏರುತ್ತ ಹೋಯಿತು. ಜಲಜನಕವನ್ನು 1 ಎಂದು ಹಿಡಿದರೆ ಸಾರಜನಕದ ಸಾಂದ್ರತೆ 14. ಕೊನೆಗೆ ಉಳಿದ ಅನಿಲದ ಸಾಂದ್ರತೆ 20ರ ಸಮೀಪಕ್ಕೆ ಬಂದಿತು. ಆ ಉಳಿಕೆಯನ್ನು ಲೋಹವು ಎಷ್ಟು ಕಾಯಿಸಿದರೂ ಹೀರಲೊಲ್ಲದು. ಅದರ ಬೆಳಕನ್ನು ಅಶ್ರಗದ ಮೂಲಕ ಹಾಯಿಸಿ ನೋಡಿದಾಗ ಯಾವ ವಸ್ತುವಿನಲ್ಲಿಯೂ ಕಾಣದಿದ್ದ ಗೆರೆಗಳು ಗೋಚರಿಸಿದವು. ಪ್ರತಿಯೊಂದು ಮೂಲವಸ್ತುವಿನ ಬೆಳಕಿನಲ್ಲಿಯೂ ಅದಕ್ಕೇ ಮೀಸಲಾದ ಬಣ್ಣದ ಗೆರೆಗಳಿರುತ್ತವೆ. ಬೆಳಕನ್ನು ಹೀಗೆ ಬಿಡಿಸಿದ ಪಟ್ಟಿಗೆ ರೋಹಿತವೆಂದು ಹೆಸರು. ಹೊಸ ರೋಹಿತವೆಂದರೆ ಹೊಸ ಮೂಲವಸ್ತು!

ಅತ್ತ ರ‍್ಯಾಲೆಯವರು ತಮ್ಮ ಮನೆಯಲ್ಲಿ ಬೇರೊಂದು ಮಾರ್ಗವನ್ನು ಹಿಡಿದಿದ್ದರು. ಒಂದು ನೂರು ವರ್ಷಗಳಿಗೂ ಹಿಂದೆ, 1785ರಲ್ಲಿ, ಹೆನ್ರಿ ಕ್ಯಾವೆಂಡಿಷ್ ಎಂಬ ಏಕಾಂತಪ್ರಿಯ ವಿಜ್ಞಾನಿಯು ಗಾಳಿಯಲ್ಲಿ ವಿದ್ಯುತ್ ಕಿಡಿಗಳನ್ನು ಹಾರಿಸಿ ಸಾರಜನಕವನ್ನು ಆಮ್ಲಜನಕದೊಡನೆ ಸೇರಿಸಿ ತೆಗೆದುಹಾಕಿದ್ದನು. ಎಷ್ಟು ಕಿಡಿ ಹಾರಿಸಿದರೂ ಒಂದು ಪುಟ್ಟ ಗುಳ್ಳೆ ಉಳಿಯಿತು. ಅದು ಸಾರಜನಕದ 120ರಲ್ಲಿ ಒಂದು ಭಾಗಕ್ಕಿಂತ ಹೆಚ್ಚಲ್ಲವೆಂದು ಆತ ಬರೆದಿಟ್ಟನು. ಆ ಗುಳ್ಳೆಯನ್ನು ಒಂದು ಶತಮಾನ ಕಾಲ ಯಾರೂ ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಈಗ ಅದೇ ಪ್ರಯೋಗವನ್ನು ಮಾಡಿದ ರ‍್ಯಾಲೆಯವರಿಗೆ ರಾಮ್ಸೆಯವರಿಗೆ ದೊರೆತ ಅನಿಲವೇ ದೊರೆಯಿತು.

ಇಬ್ಬರು ಒಂದೇ ನಿಧಿಯನ್ನು ಕಂಡಾಗ ಮನಸ್ತಾಪ ಬೆಳೆಯುವುದು ಲೋಕದ ರೂಢಿ. ಇಲ್ಲಿ ಹಾಗಾಗಲಿಲ್ಲ. ಅವರು ಪತ್ರಗಳ ಮೂಲಕ ತಮ್ಮ ಫಲಿತಾಂಶಗಳನ್ನು ಪರಸ್ಪರ ತಿಳಿಸುತ್ತಿದ್ದರು. 1894ರ ಆಗಸ್ಟ್ ತಿಂಗಳಿನಲ್ಲಿ ಆಕ್ಸ್‌ಫರ್ಡಿನ ವಿಜ್ಞಾನ ಸಮ್ಮೇಳನದಲ್ಲಿ ಇಬ್ಬರ ಹೆಸರಿನಲ್ಲಿಯೇ ಆ ಶೋಧವನ್ನು ಸಾರಿದರು. ಯಾವ ವಸ್ತುವಿನೊಡನೆಯೂ ಕೂಡದ ಆ ಅನಿಲಕ್ಕೆ ಆರ್ಗಾನ್ ಎಂದು ಹೆಸರಾಯಿತು. ಗ್ರೀಕ್ ಭಾಷೆಯಲ್ಲಿ ಆ ಪದಕ್ಕೆ ಸೋಮಾರಿ ಎಂದರ್ಥ. ನಾವು ಉಸಿರಾಡುವ ಗಾಳಿಯಲ್ಲಿ ನೂರರಲ್ಲಿ ಸುಮಾರು ಒಂದು ಪಾಲು ಈ ಸೋಮಾರಿಯೇ ಆಗಿದೆ. ಮನುಕುಲವು ಹುಟ್ಟಿದಂದಿನಿಂದಲೂ ಅದನ್ನು ಉಸಿರಾಡುತ್ತಿದ್ದರೂ ಅದರ ಇರವು ತಿಳಿಯಲು ಹನ್ನೊಂದು ಮಿಲಿಗ್ರಾಂಗಳ ಒಂದು ಅಂತರ ಬೇಕಾಯಿತು.

ಮರುವರ್ಷವೇ ಮತ್ತೊಂದು ವಿಸ್ಮಯವು ಕಾದಿತ್ತು. ಅದರ ಕಥೆಯು ನಮ್ಮ ನಾಡಿನಲ್ಲಿಯೇ ಆರಂಭವಾಗುತ್ತದೆ. 1868ರ ಆಗಸ್ಟ್ 18ರಂದು ದಕ್ಷಿಣ ಭಾರತದಲ್ಲಿ ಪೂರ್ಣ ಸೂರ್ಯಗ್ರಹಣವು ಕಾಣಿಸಿತು. ಅದನ್ನು ನೋಡಲು ಹರ್ಷೆಲ್ ಎಂಬ ಆಂಗ್ಲ ಅಧಿಕಾರಿಯು ಈಗಿನ ಬಾಗಲಕೋಟೆ ಜಿಲ್ಲೆಗೆ ಸೇರಿದ ಜಮಖಂಡಿಯಲ್ಲಿಯೂ, ಜಾನ್ಸೆನ್ ಎಂಬ ಫ್ರೆಂಚ್ ವಿಜ್ಞಾನಿಯು ಆಂಧ್ರದ ಗುಂಟೂರಿನಲ್ಲಿಯೂ ಬೀಡುಬಿಟ್ಟಿದ್ದರು. ಸೂರ್ಯನ ಅಂಚಿನಿಂದ ಚಿಮ್ಮುವ ಜ್ವಾಲೆಗಳ ರೋಹಿತದಲ್ಲಿ ಹೊಳೆಯುವ ಗೆರೆಗಳನ್ನು ಇಬ್ಬರೂ ಕಂಡರು. ಅದೇ ವರ್ಷ ಲಾಕಿಯರ್ ಎಂಬ ಖಗೋಳ ವಿಜ್ಞಾನಿಯು ಇಂಗ್ಲೆಂಡಿನಿಂದ ಆ ಜ್ವಾಲೆಗಳನ್ನು ಪರೀಕ್ಷಿಸಿ, ಅವುಗಳಲ್ಲಿನ ಹಳದಿ ಗೆರೆಯೊಂದು ಸೋಡಿಯಂನ ಗೆರೆಗಳಿಗೆ ಹೊಂದುವುದಿಲ್ಲವೆಂದು ತೋರಿಸಿದರು. ಆ ಗೆರೆಯು ಸೂರ್ಯನಲ್ಲಿ ಮಾತ್ರ ಇರುವ ಯಾವುದೋ ವಸ್ತುವಿನದಿರಬೇಕೆಂದು ಅದಕ್ಕೆ ಹೀಲಿಯಂ ಎಂಬ ಹೆಸರು ಬಂದಿತು. ಹೀಲಿಯಸ್ ಎಂದರೆ ಗ್ರೀಕರ ಸೂರ್ಯ. ಭೂಮಿಯ ಮೇಲೆ ಮಾತ್ರ ಅದು ಯಾರಿಗೂ ಸಿಕ್ಕಿರಲಿಲ್ಲ.

1895ರ ಮಾರ್ಚ್ ತಿಂಗಳಿನಲ್ಲಿ ರಾಮ್ಸೆಯವರು ಕ್ಲೀವೈಟ್ ಎಂಬ ಖನಿಜವನ್ನು ಆಮ್ಲದಲ್ಲಿ ಕುದಿಸಿ ಅದರಿಂದ ಹೊರಟ ಅನಿಲವನ್ನು ಹಿಡಿದರು. ಅವರು ನಿರೀಕ್ಷಿಸಿದ್ದುದು ಆರ್ಗಾನನ್ನು. ಆದರೆ ರೋಹಿತದಲ್ಲಿ ಉಜ್ವಲವಾದ ಹಳದಿ ಗೆರೆಯೊಂದು ಕಣ್ಣಿಗೆ ಹೊಡೆಯಿತು. ಸೋಡಿಯಂನ ಕಲ್ಮಷವಿರಬಹುದೆಂದು ಶಂಕಿಸಿ ಪರೀಕ್ಷಿಸಿದರೆ ಗೆರೆಗಳು ಹೊಂದಲಿಲ್ಲ. ವಿಲಿಯಂ ಕ್ರೂಕ್ಸ್ ಎಂಬ ತಜ್ಞರಿಗೆ ಆ ಅನಿಲದ ಮಾದರಿಯನ್ನು ಕಳುಹಿಸಿದರು. ಸೂರ್ಯನ ಹಳದಿ ಗೆರೆಯೇ ಇದೆಂದು ಅವರು ಖಚಿತಪಡಿಸಿದರು. ಇಪ್ಪತ್ತೇಳು ವರ್ಷಗಳ ಕಾಲ ಸೂರ್ಯನಲ್ಲಿ ಮಾತ್ರ ಇದ್ದ ವಸ್ತುವು ಹೀಗೆ ಗಾಜಿನ ನಳಿಗೆಯೊಳಗೆ ಬಂದು ಕುಳಿತಿತು.

ಹೀಲಿಯಂನ ಪರಮಾಣು ತೂಕ 4, ಆರ್ಗಾನಿನದು 40. ಮೂಲವಸ್ತುಗಳ ಆವರ್ತ ಕೋಷ್ಟಕದಲ್ಲಿ ಇವೆರಡರ ನಡುವೆ ಒಂದು ಸ್ಥಾನ ಬರಿದಾಗಿರಬೇಕೆಂದೂ, ಅಲ್ಲಿ ಕೂರಬೇಕಾದ ಅನಿಲದ ತೂಕ ಸುಮಾರು 20 ಇರಬೇಕೆಂದೂ ರಾಮ್ಸೆ ಊಹಿಸಿದರು. 1897ರಲ್ಲಿ ಕೆನಡಾ ದೇಶದ ಸಭೆಯೊಂದರಲ್ಲಿ ಇನ್ನೂ ಕಂಡಿರದ ಆ ಅನಿಲದ ಬಗೆಗೆ ಭಾಷಣವನ್ನೂ ಮಾಡಿದರು. ಅದನ್ನರಸಿ ಅವರು ಅನೇಕ ಖನಿಜಗಳನ್ನು ಕಾಯಿಸಿದರು; ಬಿಸಿನೀರಿನ ಬುಗ್ಗೆಗಳ ಅನಿಲಗಳನ್ನು ಪರೀಕ್ಷಿಸಿದರು; ಆಕಾಶದಿಂದ ಬಿದ್ದ ಉಲ್ಕಾಶಿಲೆಗಳನ್ನೂ ಬಿಡಲಿಲ್ಲ. ಎಲ್ಲವೂ ವ್ಯರ್ಥವಾಯಿತು. ಕಂಕುಳಲ್ಲಿ ಮಗುವನ್ನಿಟ್ಟುಕೊಂಡು ಊರೆಲ್ಲ ಹುಡುಕಿದಂತಾಯಿತು ಅವರ ಪಾಡು. ಅರಸುತ್ತಿದ್ದ ಅನಿಲವು ಗಾಳಿಯಲ್ಲಿಯೇ ಇತ್ತು.

ಅಷ್ಟರಲ್ಲಿ ಗಾಳಿಯನ್ನು ಅತಿಯಾಗಿ ತಣ್ಣಗಾಗಿಸಿ ದ್ರವವಾಗಿ ಮಾಡುವ ಯಂತ್ರವು ಬಳಕೆಗೆ ಬಂದಿತ್ತು. ದ್ರವವಾಯುವು ಮೆಲ್ಲನೆ ಕುದಿಯುವಾಗ ಅದರಲ್ಲಿನ ಅನಿಲಗಳು ಒಂದಾದ ಮೇಲೊಂದು ಬೇರ್ಪಡುತ್ತವೆ. 1898ರಲ್ಲಿ ರಾಮ್ಸೆ ಮತ್ತು ಅವರ ತರುಣ ಸಹಾಯಕ ಮಾರಿಸ್ ಟ್ರಾವರ್ಸ್ ಈ ಮಾರ್ಗವನ್ನು ಹಿಡಿದರು. ಮೇ ತಿಂಗಳ ಕೊನೆಯಲ್ಲಿ ದ್ರವವಾಯುವಿನ ತಳದಲ್ಲಿ ಉಳಿದ ಭಾಗದಿಂದ ಒಂದು ಹೊಸ ಅನಿಲವು ದೊರೆಯಿತು. ಅದಕ್ಕೆ ಅಡಗಿದ್ದುದು ಎಂಬ ಅರ್ಥದ ಕ್ರಿಪ್ಟಾನ್ ಎಂಬ ಹೆಸರನ್ನಿಟ್ಟರು. ಜೂನ್ ತಿಂಗಳಿನಲ್ಲಿ ಹಗುರವಾದ ಭಾಗವನ್ನು ನಳಿಗೆಯಲ್ಲಿ ತುಂಬಿ ವಿದ್ಯುತ್ತನ್ನು ಹರಿಸಿದಾಗ ಇಡೀ ನಳಿಗೆಯು ಕಡುಗೆಂಪು ಬೆಳಕಿನಿಂದ ಪ್ರಜ್ವಲಿಸಿತು. ರೋಹಿತವನ್ನು ನೋಡುವ ಅಗತ್ಯವೇ ಇರಲಿಲ್ಲ. ಆ ಬಣ್ಣವೇ ತನ್ನ ಕಥೆಯನ್ನು ಹೇಳಿತು. ರಾಮ್ಸೆಯವರ ಹದಿಮೂರು ವರ್ಷದ ಮಗನು ಹೊಸತು ಎಂಬ ಅರ್ಥದ ಲ್ಯಾಟಿನ್ ಹೆಸರೊಂದನ್ನು ಸೂಚಿಸಿದನು. ತಂದೆಯು ಅದೇ ಅರ್ಥವನ್ನು ಗ್ರೀಕ್ ಭಾಷೆಗೆ ಹೊರಳಿಸಿ ನಿಯಾನ್ ಎಂದು ಕರೆದರು. ಅದೇ ವರ್ಷ ಅಪರಿಚಿತ ಎಂಬರ್ಥದ ಕ್ಸೆನಾನ್ ಅನಿಲವೂ ಪತ್ತೆಯಾಯಿತು. ಹತ್ತು ಲಕ್ಷ ಪಾಲು ಗಾಳಿಯಲ್ಲಿ ನಿಯಾನಿನ ಪಾಲು ಸುಮಾರು 18. ಕ್ರಿಪ್ಟಾನಿನ ಪಾಲು ಕೇವಲ 1. ಕ್ಸೆನಾನ್ ಅದರ ಹತ್ತರಲ್ಲಿ ಒಂದು ಭಾಗವೂ ಇಲ್ಲ. ಇಷ್ಟು ವಿರಳವಾದ ವಸ್ತುಗಳನ್ನು ಸೋರಿಹೋಗದಂತೆ ಹಿಡಿದಿಡಲು ಸಾಧ್ಯವಾದುದು ರಾಮ್ಸೆಯವರ ಬಾಲ್ಯದ ಗಾಜಿನ ಕೈಚಳಕದಿಂದ.

ಈ ವೇಳೆಗೆ ಭಾರತದಲ್ಲಿ ಜಮ್‌ಷೆಟ್‌ಜಿ ಟಾಟಾ ಅವರು ಉನ್ನತ ವಿಜ್ಞಾನ ಸಂಶೋಧನೆಗಾಗಿ ಒಂದು ಸಂಸ್ಥೆಯನ್ನು ಸ್ಥಾಪಿಸಬೇಕೆಂದು ಹಂಬಲಿಸುತ್ತಿದ್ದರು. ಅದನ್ನು ಎಲ್ಲಿ, ಹೇಗೆ ಕಟ್ಟಬೇಕೆಂಬ ಬಗ್ಗೆ ಸಲಹೆ ನೀಡಲು ರಾಮ್ಸೆಯವರನ್ನು ಆಹ್ವಾನಿಸಲಾಯಿತು. ಅವರು 1900ರಲ್ಲಿ ಭಾರತಕ್ಕೆ ಬಂದು ನಾಡಿನ ಅನೇಕ ಭಾಗಗಳಲ್ಲಿ ಸಂಚರಿಸಿದರು. ಎಲ್ಲವನ್ನೂ ತೂಗಿ ನೋಡಿ, ಬೆಂಗಳೂರೇ ತಕ್ಕ ಸ್ಥಳವೆಂದು ಸೂಚಿಸಿದರು. ಇಲ್ಲಿನ ಹವೆ ಹಿತಕರವಾಗಿತ್ತು. ಮೈಸೂರು ಸಂಸ್ಥಾನವು ಉದಾರವಾಗಿ ನೆರವು ನೀಡಲು ಮುಂದಾಗಿತ್ತು. ಅನಂತರ ಭಿನ್ನಾಭಿಪ್ರಾಯಗಳು ತಲೆದೋರಿ ಕೆಲಸವು ತಡವಾದರೂ ಕೊನೆಗೆ ಬೆಂಗಳೂರೇ ನಿಶ್ಚಯವಾಯಿತು. ಟಾಟಾ ಅವರು 1904ರಲ್ಲಿಯೇ ತೀರಿಕೊಂಡರು. ತಮ್ಮ ಕನಸು ನನಸಾದುದನ್ನು ಅವರು ಕಾಣಲಿಲ್ಲ. ಮೈಸೂರು ಸಂಸ್ಥಾನವು ಮಲ್ಲೇಶ್ವರದಾಚೆ 371 ಎಕರೆ ಭೂಮಿಯನ್ನು ದಾನವಾಗಿ ನೀಡಿತು. 1909ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯು ವಿಧಿವತ್ತಾಗಿ ಅಸ್ತಿತ್ವಕ್ಕೆ ಬಂದಿತು. 1911ರಲ್ಲಿ ಮೊದಲ ವಿದ್ಯಾರ್ಥಿಗಳು ಸೇರಿದರು. ಅದನ್ನು ಕಟ್ಟಿ ನಿಲ್ಲಿಸಿದ ಪ್ರಥಮ ನಿರ್ದೇಶಕರು ಮತ್ತಾರೂ ಅಲ್ಲ, ನಿಯಾನಿನ ಕೆಂಪು ಬೆಳಕನ್ನು ರಾಮ್ಸೆಯವರೊಡನೆ ಮೊದಲು ಕಂಡ ಟ್ರಾವರ್ಸ್ ಅವರೇ. ಬೆಂಗಳೂರಿನ ಜನರು ಇಂದಿಗೂ ಅದನ್ನು ಟಾಟಾ ಇನ್‌ಸ್ಟಿಟ್ಯೂಟ್ ಎಂದೇ ಕರೆಯುವುದುಂಟು.

ರಾಮ್ಸೆಯವರಿಗೆ 1902ರಲ್ಲಿ ಸರ್ ಪದವಿ ಬಂದಿತು. 1904ರಲ್ಲಿ ಅವರಿಗೆ ರಸಾಯನ ಶಾಸ್ತ್ರದ ನೊಬೆಲ್ ಪಾರಿತೋಷಕವು ದೊರೆಯಿತು. ಅದೇ ವರ್ಷದ ಭೌತಶಾಸ್ತ್ರ ಪಾರಿತೋಷಕವು ರ‍್ಯಾಲೆಯವರದಾಯಿತು. ಅದಕ್ಕೆ ಒಂದು ವರ್ಷ ಮೊದಲು, ರೇಡಿಯಂನಿಂದ ಹೀಲಿಯಂ ಹುಟ್ಟುತ್ತದೆಂಬುದನ್ನು ರಾಮ್ಸೆಯವರು ಸಾಡಿ ಎಂಬ ವಿಜ್ಞಾನಿಯೊಡನೆ ತೋರಿಸಿಕೊಟ್ಟಿದ್ದರು. ಒಂದು ಮೂಲವಸ್ತುವು ಇನ್ನೊಂದಾಗಿ ಮಾರ್ಪಡುವುದಕ್ಕೆ ಅದು ಕಣ್ಣಾರೆ ಕಂಡ ಸಾಕ್ಷ್ಯವಾಯಿತು.

ಇಂತಹ ಜಾಗರೂಕ ಪ್ರಯೋಗಕಾರರೂ ಎಡವಿದ್ದುಂಟು. ರೇಡಿಯಂನ ಪ್ರಭಾವದಿಂದ ತಾಮ್ರವು ಲಿಥಿಯಂ ಆಗಿ ಮಾರ್ಪಡುತ್ತದೆಂದು 1907ರಲ್ಲಿ ಅವರು ಸಾರಿದರು. ಮರುವರ್ಷ ಮೇರಿ ಕ್ಯೂರಿ ಅವರು ಗಾಜಿನ ಬದಲು ಪ್ಲಾಟಿನಂ ಪಾತ್ರೆಯಲ್ಲಿ ಆ ಪ್ರಯೋಗವನ್ನು ಮಾಡಿದಾಗ ಲಿಥಿಯಂ ಕಾಣಿಸಲೇ ಇಲ್ಲ. ಅದು ಗಾಜಿನಿಂದಲೇ ಬಂದ ಕಲ್ಮಷವಾಗಿತ್ತು. ಅತ್ಯಲ್ಪವಾದ ಉಳಿಕೆಯೊಂದು ಅವರಿಗೆ ಕೀರ್ತಿಯನ್ನು ತಂದಿತ್ತು. ಅಂತಹುದೇ ಉಳಿಕೆಯು ಅವರನ್ನು ದಾರಿ ತಪ್ಪಿಸಿತು. ಎಷ್ಟೇ ದೊಡ್ಡವರ ಮಾತಾದರೂ ಮತ್ತೊಬ್ಬರ ಪ್ರಯೋಗದಲ್ಲಿ ನಿಲ್ಲಬೇಕೆಂಬ ವಿಜ್ಞಾನದ ನಿಯಮವು ಇದರಿಂದ ಸ್ಪಷ್ಟವಾಗುತ್ತದೆ.

ರಾಮ್ಸೆಯವರು ತಮ್ಮ ಅರುವತ್ತರ ಹೊತ್ತಿಗೆ ಕಾಲೇಜಿನಿಂದ ನಿವೃತ್ತರಾದರು. 1916ರ ಜುಲೈ 23ರಂದು ಕ್ಯಾನ್ಸರ್ ರೋಗದಿಂದ ನಿಧನ ಹೊಂದಿದರು. ಆಗ ಅವರಿಗೆ ಅರುವತ್ತಮೂರು ವರ್ಷ.

ಅವರು ಆರ್ಗಾನನ್ನು ಕಂಡುಹಿಡಿದಾಗ ಯಾರೊಡನೆಯೂ ಸೇರದ ಈ ಸೋಮಾರಿ ಅನಿಲದಿಂದ ಏನು ಪ್ರಯೋಜನವೆಂಬ ಪ್ರಶ್ನೆ ಸಹಜವಾಗಿತ್ತು. ಕಾಲವು ಅದಕ್ಕೆ ಉತ್ತರ ಕೊಟ್ಟಿತು. ಶಿವನಸಮುದ್ರದ ವಿದ್ಯುತ್ತಿನಿಂದ ಬೆಂಗಳೂರಿನ ಬೀದಿ ದೀಪಗಳು ಬೆಳಗಿದ್ದು 1905ರಲ್ಲಿ. ಆ ಕಾಲದ ಬಲ್ಬುಗಳ ಒಳಗೆ ಅನಿಲವೇ ಇರುತ್ತಿರಲಿಲ್ಲ, ಅವು ಬರಿದಾಗಿದ್ದವು. ಅದರಿಂದ ಕಾದ ತಂತಿಯು ಬೇಗ ಸವೆಯುತ್ತಿತ್ತು. ಬಲ್ಬಿನೊಳಗೆ ಯಾವುದಾದರೂ ಅನಿಲವನ್ನು ತುಂಬಿದರೆ ಸವೆತವು ತಗ್ಗುತ್ತದೆ. ಆದರೆ ಯಾವ ಅನಿಲ? ಆಮ್ಲಜನಕವಾದರೆ ತಂತಿಯು ಕ್ಷಣದಲ್ಲಿ ಉರಿದುಹೋಗುತ್ತದೆ. ಜಲಜನಕವು ತಂತಿಯ ಕಾವನ್ನು ಬಲು ಬೇಗ ಹೊರಕ್ಕೆ ಸಾಗಿಸುತ್ತದೆ. ಸಾರಜನಕವು ತಕ್ಕಮಟ್ಟಿಗೆ ಸರಿ. ಅದಕ್ಕಿಂತಲೂ ಕಡಿಮೆ ಕಾವನ್ನು ಸಾಗಿಸುವ, ತಂತಿಯೊಡನೆ ಎಂದಿಗೂ ಕೂಡದ ಆರ್ಗಾನ್ ಇನ್ನೂ ಮೇಲು. ಹೀಗೆ ಅದರ ಸೋಮಾರಿತನವೇ ಅದರ ಗುಣವಾಯಿತು. ಟ್ಯೂಬ್‌ಲೈಟಿನಲ್ಲಿ ಪಾದರಸದ ಆವಿಗೆ ಬೆಳಗಲು ದಾರಿ ಮಾಡಿಕೊಟ್ಟುದೂ ಆರ್ಗಾನೇ.

ಬುಟ್ಟೆಯನ್ನು ಹಾರಿಸುವ ಪ್ರಯೋಗಕ್ಕೂ ಉತ್ತರ ದೊರೆಯಿತು. ಒಂದು ಲೀಟರ್ ಗಾಳಿಯು ಸುಮಾರು 1.29 ಗ್ರಾಂ ತೂಗುತ್ತದೆ; ಜಲಜನಕವು 0.09 ಗ್ರಾಂ, ಹೀಲಿಯಂ 0.18 ಗ್ರಾಂ. ಹೀಲಿಯಂ ಜಲಜನಕಕ್ಕಿಂತ ಎರಡರಷ್ಟು ಭಾರವೆಂದು ತೋರಿದರೂ ಎತ್ತುವ ಶಕ್ತಿಯಲ್ಲಿ ಜಲಜನಕದ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಪಾಲು ಅದಕ್ಕಿದೆ. ಮೇಲಾಗಿ ಅದು ಉರಿಯುವುದಿಲ್ಲ. ಜಲಜನಕ ತುಂಬಿದ್ದ ಹಿಂಡೆನ್‌ಬರ್ಗ್ ಎಂಬ ಆಕಾಶನೌಕೆಯು 1937ರಲ್ಲಿ ನಿಮಿಷದೊಳಗೆ ಉರಿದುಹೋದಾಗ ಈ ಎರಡು ಅನಿಲಗಳ ಅಂತರವು ಎಲ್ಲರಿಗೂ ಮನವರಿಕೆಯಾಯಿತು. ಜಾತ್ರೆಯ ಬುಟ್ಟೆಯೇ ಆಗಲಿ, ಶಾಲೆಯ ಪ್ರಯೋಗವೇ ಆಗಲಿ, ಅಗ್ಗವಾದ ಅನಿಲವು ಯಾವಾಗಲೂ ತಕ್ಕ ಅನಿಲವಲ್ಲ.

ಇನ್ನು ಟೆಸ್ಟರಿನ ಮಾತು. ಕಡಿಮೆ ಒತ್ತಡದಲ್ಲಿ ತುಂಬಿಟ್ಟ ನಿಯಾನ್ ನೂರು ವೋಲ್ಟಿಗಿಂತ ಕಡಿಮೆಯಲ್ಲಿಯೇ ಬೆಳಗಬಲ್ಲದು. ಸಾಮಾನ್ಯ ಗಾಳಿಯು ಅಷ್ಟಕ್ಕೆ ಬೆಳಗದು. ಅದಕ್ಕೆ ಬೇಕಾದ ವಿದ್ಯುತ್ ಪ್ರವಾಹವು ಅತ್ಯಲ್ಪ. ಆದ್ದರಿಂದ ಹಿಡಿದವನಿಗೆ ಹಾನಿಯಾಗದಂತೆ ಆ ಪ್ರವಾಹವನ್ನು ತಡೆದು ಕಿರಿದಾಗಿಸಲು ಸಾಧ್ಯ. ನಿಯಾನ್ ಒಳಗಿನ ಲೋಹದೊಡನೆ ಕೂಡುವುದಿಲ್ಲವಾದ ಕಾರಣ ಬುರುಡೆಯು ಬಹುಕಾಲ ಬಾಳುತ್ತದೆ. ಅದರ ಬೆಳಕು ಹಗಲಿನಲ್ಲಿಯೂ ಕಣ್ಣಿಗೆ ಕಾಣುವಷ್ಟು ಕೆಂಪು. ಆ ಸಣ್ಣ ಕೆಲಸಕ್ಕೆ ಅದಕ್ಕಿಂತ ತಕ್ಕ ಅನಿಲವಿಲ್ಲ.

ಸುಲ್ತಾನ್‌ಪೇಟೆಯ ಯಾವುದೋ ಮನೆಯಲ್ಲಿ ದೀಪ ಕೆಟ್ಟು, ಕೆಲಸಗಾರನ ಟೆಸ್ಟರಿನಲ್ಲಿ ಕೆಂಪು ಬೆಳಕು ಮಿನುಗುವಾಗ, ಲಂಡನ್ನಿನ ಆ ನಳಿಗೆಯ ಬೆಳಕೇ ಮತ್ತೊಮ್ಮೆ ಮೂಡುತ್ತದೆ. ಅದರ ಹಿಂದೆ ಕಾಲು ಮುರಿದುಕೊಂಡು ಪುಸ್ತಕ ಹಿಡಿದ ಹುಡುಗನಿದ್ದಾನೆ. ತನಗೆ ತಿಳಿಯದೆಂದು ಒಪ್ಪಿಕೊಂಡ ರ‍್ಯಾಲೆಯವರಿದ್ದಾರೆ. ಒಂದು ಪುಟ್ಟ ಗುಳ್ಳೆಯನ್ನು ಮರೆಯದೆ ಬರೆದಿಟ್ಟ ಕ್ಯಾವೆಂಡಿಷ್ ಇದ್ದಾನೆ. ತಕ್ಕಡಿಯು ತೋರಿದ ಕಿರಿದಾದ ಅಂತರವನ್ನು ಅವರು ಅಲಕ್ಷಿಸಿದ್ದರೆ ಗಾಳಿಯ ಆ ಗುಪ್ತ ನಿವಾಸಿಗಳು ಇನ್ನೂ ಬಹುಕಾಲ ಗುಪ್ತವಾಗಿಯೇ ಉಳಿಯುತ್ತಿದ್ದುವು. ಲೆಕ್ಕವು ಹೊಂದದಿದ್ದಾಗ ಅದನ್ನು ಅಳಿಸಿಹಾಕದೆ, ಹೊಂದದಿರುವುದು ಏಕೆಂದು ಕೇಳುವವನಿಗೆ ಪ್ರಕೃತಿಯು ತನ್ನ ಬಾಗಿಲನ್ನು ತೆರೆಯುತ್ತದೆ.